ನಾನು ಹುಳಿ ಎಂದ ವೈನು

ನನ್ನ ಗಂಡ ಇಪ್ಪತ್ತಾರು ವರ್ಷ ವೈನ್ ಅಂಗಡಿಯಲ್ಲಿ ದುಡಿದರು. ಕುಡುಕರಲ್ಲ. ರುಚಿ ನೋಡುವುದು ಕೆಲಸ. ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳುತ್ತಿದ್ದರು. ಊಟದ ಕೊನೆಗೆ ಕುಡಿಯುವ ಸಿಹಿ ವೈನುಗಳ ಕಪಾಟು ಅವರದ್ದು. ಅಂಗಡಿಯಲ್ಲಿ ಎಲ್ಲರೂ ಸಿಹಿ ಮೇಷ್ಟ್ರು ಎನ್ನುತ್ತಿದ್ದರು. ನಾನು ಮಾತ್ರ ನಾಚಿಕೆಯಿಂದ, ಕೇಳಿದವರಿಗೆಲ್ಲ ಔಷಧಿ ಅಂಗಡಿಯಲ್ಲಿ ಕೆಲಸ ಎನ್ನುತ್ತಿದ್ದೆ.

ಹೊಸದಾಗಿ ಮದುವೆಯಾದವರು, ಮುನಿಸಿಕೊಂಡ ಹೆಂಡತಿಯನ್ನು ಒಲಿಸಿಕೊಳ್ಳಬೇಕಾದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಒಂದು ದಿನ ಬೀಗದ ಕೈ ಇಸಿದುಕೊಳ್ಳಲು ಹೋದಾಗ ನೋಡಿದ್ದೇನೆ. ಒಬ್ಬ ಗಿರಾಕಿ ಹೆಂಡತಿಗೆ ಎಲ್ಲಕ್ಕಿಂತ ಚೆಂದದ ಬಾಟಲಿ ಕೊಡಿ ಎಂದ.

"ಬಾಟ್ಲಿ ಚೆಂದ ಕಟ್ಕೊಂಡು ಏನ್ಮಾಡ್ತೀರಿ? ಊಟ ಆದ್ಮೇಲೆ ಅವರು ಏನು ತಿಂತಾರೆ ಹೇಳಿ."

"ಚಾಕೊಲೇಟು."

"ಹಾಗಾದ್ರೆ ಈ ಕಡುಗೆಂಪಿಂದು ತಗೊಳ್ಳಿ. ತಿನ್ನೋದಕ್ಕಿಂತ ಕುಡಿಯೋದು ಸಿಹಿ ಇರ್ಬೇಕು. ಇಲ್ಲಾಂದ್ರೆ ಎಂಥಾ ವೈನೂ ಹುಳಿ ಅನ್ಸುತ್ತೆ. ಬೈಸ್ಕೊಳ್ಳೋರು ನೀವು."

ಗಿರಾಕಿ ನಕ್ಕ. ಕಂಡವರ ಹೆಂಡಿರ ಬಾಯಿರುಚಿ ಇವರಿಗೇಕೆ ಎಂದು ನಾನು ತಲೆ ತಗ್ಗಿಸಿ ನಿಂತೆ. ಆದರೂ ಆ ಮಾತು ತಲೆಯಲ್ಲಿ ಕೂತಿತು.

ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ದಿನ ಅವರು ಬೇಗ ಬಂದರು. ಕೈಯಲ್ಲಿ ಸಣ್ಣ ಬಾಟಲಿ. ಬಳ್ಳಿಯಲ್ಲೇ ಬಾಡಲು ಬಿಟ್ಟ ದ್ರಾಕ್ಷಿಯದಂತೆ. ತಮ್ಮ ಕಪಾಟಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ ಎಂದರು. ಬಾಟಲಿಯನ್ನು ತಣ್ಣೀರಿನಲ್ಲಿ ಇಟ್ಟರು. ಮೇಜಿಗೆ ಒಗೆದ ಬಟ್ಟೆ ಹಾಸಿ, ಸೇಬು ಹೆಚ್ಚಿ, ಎರಡೇ ಕುರ್ಚಿ ಉಳಿಸಿ ಮಿಕ್ಕವನ್ನು ಗೋಡೆಗೆ ಸರಿಸಿದರು.

ಅದೇ ಮಧ್ಯಾಹ್ನ ಅಕ್ಕ ಫೋನು ಮಾಡಿದ್ದಳು. "ಏನೇ, ಔಷಧಿ ಅಂಗಡಿ ಅಂತೀಯಂತೆ. ಯಾವ ಕಾಯಿಲೆಗೆ ಕೊಡ್ತಾರೆ ನಿಮ್ಮನೆಯವರು?" ಎಂದು ನಕ್ಕಿದ್ದಳು. ಆ ಉರಿ ಹೊಟ್ಟೆಯಲ್ಲಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಹಾಗೆ. ಅವರು ಅಂಗಿ ಬದಲಿಸಲು ಹೋದಾಗ ಅಡುಗೆಮನೆಯಲ್ಲಿ ಎರಡು ಚಮಚ ಜೇನುತುಪ್ಪ ನುಂಗಿದೆ. ಬೇಕೆಂದೇ.

ಬಂದು ಕೂತು ಕುಡಿದೆ.

"ಹುಳಿ," ಎಂದೆ. "ಇಂಥಾದ್ದು ಕೊಡೋದಕ್ಕಾ ಜನ ನಿಮ್ಮನ್ನ ಮೇಷ್ಟ್ರು ಅನ್ನೋದು?"

ಅವರು ಒಂದು ಗುಟುಕು ನೋಡಿದರು. ಇನ್ನೊಂದು ನೋಡಿದರು. "ನಂಗೆ ಹಾಗನ್ನಿಸ್ಲಿಲ್ಲ ಕಣೆ," ಎಂದರು. ಮುಖ ಸಣ್ಣದಾಗಿತ್ತು. ಉಳಿದದ್ದನ್ನು ಬಚ್ಚಲಿಗೆ ಸುರಿದು, ಲೋಟ ಅವರೇ ತೊಳೆದರು.

ಆಮೇಲೆ ಆರು ವರ್ಷ ಬದುಕಿದ್ದರು. ಎದೆನೋವು ಬಂದು ಎರಡೇ ದಿನದಲ್ಲಿ ಹೋದರು.

ತಿಂಗಳು ಕಳೆದ ಮೇಲೆ, ಅಲ್ಲಿ ಉಳಿದಿದ್ದ ಅವರ ಸ್ವೆಟರು ತರಲು ಅಂಗಡಿಗೆ ಹೋದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಡೊಳ್ಳಪ್ಪ ಕುರ್ಚಿ ಹಾಕಿದ. ಹೊಟ್ಟೆಯಿಂದ ಬಂದ ಹೆಸರು ಅದು.

"ಅತ್ತಿಗೆ, ನಿಮ್ಮ ನಾಲಿಗೆ ಅಂದ್ರೆ ಇಲ್ಲಿ ಎಲ್ಲರಿಗೂ ಭಯ," ಎಂದ.

"ಯಾಕಪ್ಪ?"

"ಆ ಬಾಡಿದ ದ್ರಾಕ್ಷಿದು ಹುಳಿ ಅಂದ್ರಂತಲ್ಲ. ಮಾರನೇ ದಿನದಿಂದ ಮೇಷ್ಟ್ರು ಅದನ್ನ ಒಬ್ಬರಿಗೂ ತೆಗೆದು ಕೊಡಲಿಲ್ಲ. ಕೇಳ್ಕೊಂಡು ಬಂದೋರಿಗೂ ಬೇಡ ಅಂತಿದ್ರು. ನನ್ನ ನಾಲಿಗೆ ಕೆಟ್ಟಿದೆ, ನಮ್ಮನೆಯವಳು ಸುಳ್ಳು ಹೇಳಲ್ಲ ಅನ್ನೋರು. ಏನು ಆರಿಸಿದ್ರೂ, ನೀನೂ ಒಂದ್ಸಲ ನೋಡೋ ಅಂತ ನನ್ನ ಕೈಗೆ ಕೊಡೋರು. ನಂಗೇನು ಗೊತ್ತು ಅತ್ತಿಗೆ, ನಾನು ಪೆಟ್ಟಿಗೆ ಹೊರೋನು."

ಹೌದೌದು ಎಂದು ಎದ್ದು ಬರಬಹುದಿತ್ತು.

"ಹುಳಿ ಇರ್ಲಿಲ್ಲ," ಎಂದೆ. "ನಾನು ಮೊದ್ಲೇ ಜೇನು ತಿಂದಿದ್ದೆ. ಬೇಕಂತ."

ಅವನು ನನ್ನ ಮುಖವನ್ನೇ ನೋಡಿದ.

"ಅವರಿಗೆ ಹೇಳಿದ್ರಾ?"

"ಇಲ್ಲ."

"ಆರು ವರ್ಷ?"

ನಾನು ಎದ್ದು ಗೂಟದಲ್ಲಿದ್ದ ಅವರ ಸ್ವೆಟರು ತೆಗೆದುಕೊಂಡೆ. ಬಾಗಿಲಿಗೆ ಗಿರಾಕಿ ಬಂದರು. ಡೊಳ್ಳಪ್ಪ ಎದ್ದು ಅವರ ಕಡೆ ಹೋದ. ಬರ್ತೀನಪ್ಪ ಎಂದೆ. ಅವನು ತಿರುಗಲಿಲ್ಲ.