ಒಂದ್ ತಾಸ ಮುಂದ

ನನ್ನ ಅಣ್ಣಗ ಹೊಡ್ಯಾಕ ಕಾರಣ ಬೇಕಾಗಿರ್ಲಿಲ್ಲ. ಚಹಾ ಆರಿದ್ರ ಹೊಡೀತಿದ್ದ, ಬಿಸಿ ಇದ್ರ ಬಾಯಿ ಸುಟ್ಟೀತಂತ ಹೊಡೀತಿದ್ದ. ಶಿರಗುಪ್ಪ್ಯಾಗ ರಾವಸಾಹೇಬ ಅಂದ್ರ ಕಬ್ಬಿನ ತೋಟ, ಗೊಬ್ಬರದ ಅಂಗಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ದೊಡ್ಡ ಮನಿಶ್ಯಾ. ಆ ದೊಡ್ಡ ಮನಿಶ್ಯಾನ ಕೈ ಎಂಥಾದ್ದಂತ ಅವನ ಹೇಣ್ತಿ, ನಮ್ಮ ವೈನಿ ಸಕ್ಕುಬಾಯಿನ ಕೇಳ್ರಿ. ಆಕಿ ಎಡಗೈ ಕಿರುಬೆರಳ ಇವತ್ತಿಗೂ ಮಡಚಂಗಿಲ್ಲ. ಬೆರಳ ಚೌಕಟ್ಟಿನ ಮ್ಯಾಲ ಇರೂದ ನೋಡೇ ಬಾಗ್ಲಾ ಜಗ್ಗಿ ಹಾಕಿದ್ದ ಭಾಡ್ಯಾ.

ನಾ ಅಕ್ಕುತಾಯಿ, ಅವನ ಒಡಹುಟ್ಟಿದ ತಂಗಿ, ನನ್ನ ಅಥಣಿಗೆ ಕೊಟ್ಟಾರ. ಸ್ವಂತ ಅಣ್ಣನ ಬಗ್ಗೆ ಹಿಂಗ ಮಾತಾಡ್ತಾಳಲ್ಲ ಅಂತ ಯಾರರೆ ಮೂಗ ಮುರದ್ರ ಮುರೀಲಿ. ನನ್ನ ಮೈಯಾಗೂ ಅದ ರಕ್ತ ಹರೀತೈತಿ, ಸಿಟ್ಟ ನನಗೂ ಬರ್ತೈತಿ. ಆದ್ರ ನಾ ನನ್ನಕಿಂತ ಸಣ್ಣವ್ರನ್ನ ಹುಡುಕಿ ಹೊಡ್ಯಾಕ ಹೋಗಂಗಿಲ್ಲ.

ವೈನಿ ತೆಲಸಂಗದಾಕಿ, ಎರಿ ಹೊಲದಾಗ ಬೆಳದಾಕಿ. ಮದಿವ್ಯಾಗ ಆಕಿ ನಕ್ಕಿದ್ದ ನಾಕ ಮನಿ ಆಚೆ ಕೇಳಿಸಿತ್ತು, ನಾ ಇನ್ನೂ ಪರಕಾರ ಹಾಕೊಳ್ಳೂ ಹುಡುಗಿ, ನಂಗ ಭಾಳ ಸೇರಿತ್ತು. ನಮ್ಮ ಮನಿಗೆ ಬಂದ ಮ್ಯಾಲ ಆ ನಗು ಎಲ್ಲಿ ಹೋತೋ ಏನೋ. ಸಂಜಿಕ ಅಣ್ಣ ಗಾಡಿ ಸ್ಟ್ಯಾಂಡ್ ಹಾಕಿದ ಸಪ್ಪಳದ ಮ್ಯಾಲ ಇವತ್ತ ಹೊಡ್ತ ಐತಿಲ್ಲೊ ಅಂತ ಗುರ್ತ ಹಿಡೀತಿದ್ಲು. ಹೊಡ್ತ ಇದ್ದ ದಿನಾ ಮೊದ್ಲ ಒಲಿ ಆರಸ್ತಿದ್ಲು, ಯಾಕಂದ್ರ ಒಮ್ಮೆ ಒಲಿ ಮ್ಯಾಲೇ ದೂಡಿದ್ದ. ಮಗ ವಿಶಾಲ ದೊಡ್ಡಾಂವ ಆದ, ಸೊಸಿ ಪ್ರಾಜಕ್ತಾ ಬಂದ್ಲು, ಅಣ್ಣನ ಕೈ ಮಾತ್ರ ನಿಲ್ಲಲಿಲ್ಲ.

ಗೊಬ್ಬರದ ಕಂಪನಿಯವ್ರು ಭಾಳ ಮಾಲ ಮಾರಿದವ್ರಿಗೆ ಜೋಡಿ ಟಿಕೀಟ ಕೊಡ್ತಾರ. ಹ್ವಾದ ವರ್ಷ ಸಿಂಗಾಪುರದಿಂದ ಹಡಗದ ಟೂರ್ ಬಂತು. ನಮ್ಮ ಮನ್ಯಾವ್ರದೂ ಅಥಣ್ಯಾಗ ಗೊಬ್ಬರದ ಅಂಗಡಿನ, ಹಿಂಗಾಗಿ ಎರಡೂ ಜೋಡಿ ಕೂಡೇ ಹ್ವಾದ್ವಿ. ಹೊಂಡುವಾಗ ಪ್ರಾಜಕ್ತಾ ತನ್ನ ಕೈಯಾನ ಗಡಿಯಾರ ಬಿಚ್ಚಿ ಅತ್ತಿಗೆ ಕಟ್ಟಿದ್ಲು. ವೈನಿ ಅದನ್ನ ಸೆರಗಿನಾಗ ಮುಚ್ಚಿ ಮುಚ್ಚಿ ನೋಡ್ತಿದ್ಲು.

ಹಡಗ ಅಂದ್ರ ಏನ್ ಹೇಳ್ಲಿ, ಒಂದ ಊರ ಊರ ನೀರಾಗ ಹೊಂಟಂಗ. ಫುಕೆಟ್ ಅನ್ನೂ ಊರಿನ ದಂಡಿಗೆ ಹಚ್ಚಿದ ದಿನಾ, ಹಡಗದಾಗ ನಮ್ಮಂಥವ್ರನ್ನ ನೋಡ್ಕೊಳ್ಳೂ ರತ್ನಾಗಿರಿ ಕಡೆ ಬಾಯಿ, ನೌಕರಿ ಹೆಣಮಗಳು, ಬಂದು ಮರಾಠ್ಯಾಗ ತಿಳಿಸಿ ಹೇಳಿದ್ಲು. ಊರಿನ ಟೈಮ್ ಬ್ಯಾರೆ, ಹಡಗದ ಟೈಮ್ ಬ್ಯಾರೆ. ಹಡಗ ಸಿಂಗಾಪುರದ ಟೈಮಿನ ಮ್ಯಾಲ ನಡೀತೈತಿ, ಇಲ್ಲಿ ಊರಿಗಿಂತ ಒಂದ ತಾಸ ‘ಪುಢ’, ಅಂದ್ರ ಮುಂದ. ದಂಡಿಗೆ ಇಳಿದ್ರ ಫೋನು ತಾನ ಬದಲಾಗಿ ಊರಿನ ಟೈಮ್ ತೋರಸ್ತೈತಿ, ಅದನ್ನ ನಂಬಬ್ಯಾಡ್ರಿ. ಹಡಗದ ಐದಕ್ಕ ಎಲ್ಲಾರೂ ಒಳಗ ಇರಬೇಕು, ಅಂದ್ರ ಫೋನಿನ್ಯಾಗ ನಾಕು. ವೈನಿ ಸಿಂಗಾಪುರದಾಗ ಹೊಂದಿಸಿಕೊಂಡ ಗಡಿಯಾರ ಮುಂದ ಚಾಚಿ, ‘ಇದ ಬರೊಬ್ಬರಿ ಐತೇನ್ರಿ?’ ಅಂತ ಕೇಳಿದ್ಲು. ಆ ಬಾಯಿ ‘ಹಡಗದ್ದ ಐತಿ, ಮುಟ್ಟಬ್ಯಾಡ್ರಿ ಮಾವಶಿ’ ಅಂದ್ಲು. ಅಣ್ಣ ಆಗ ಪಾಯಿಖಾನ್ಯಾಗ ಇದ್ದ.

ಊರಾಗ ತಿರಗ್ಯಾಡಿ ಅಣ್ಣ ಒಂದ ಬಿಯರಿನ ಅಂಗಡ್ಯಾಗ ಕುಂತ. ಕುಂತಾಂವ ಏಳವಲ್ಲ. ವೈನಿ ಗಡಿಯಾರ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಕಡೀಕ ಜೀವಾ ಗಟ್ಟಿ ಮಾಡಿ ಅಂದ್ಲು.

‘ಏನ್ರಿ, ಹೊಂಡೂಣ್ರಿ. ಹಡಗದ ಟೈಮ್ ಒಂದ್ ತಾಸ ಮುಂದ ಐತ್ರಿ.’

‘ಒಂದ್ ತಾಸ ಮುಂದ ಹಾಕ್ಯಾರ?’

‘ಹೌದ್ರಿ, ಮುಂದ ಹಾಕ್ಯಾರ.’

ಅಣ್ಣ ಟೇಬಲ್ ಬಡದ ನಕ್ಕ. ‘ಹಂಗಾರ ಒಂದ್ ತಾಸ ಸಿಕ್ತಲ್ಲಲೇ! ಮದಿವಿ ಮುಂದ ಹಾಕಿದ್ರ ಆಮ್ಯಾಲ ಆಕ್ಕೈತಿಲ್ಲೊ? ಫ್ಯಾಕ್ಟರಿ ಮೀಟಿಂಗ್ ಮುಂದ ಹಾಕಿದ್ರ ಆಮ್ಯಾಲ ನಡೀತೈತಿಲ್ಲೊ? ಹಡಗೂ ಹಂಗ. ಐದರದ್ದ ಆರಕ್ಕ ಹೊಂಡತೈತಿ. ತಾ ಇನ್ನೊಂದ ಬಾಟ್ಲಿ.’

‘ಹಂಗಲ್ರಿ. ಗಡಿಯಾರ ಮುಂದ ಹಾಕಿದ್ರ ಹಡಗ ಲಗೂ ಬಿಡ್ತೈತ್ರಿ. ಇಲ್ಲಿ ಮುಂದ ಅಂದ್ರ ಮೊದ್ಲರಿ.’

‘ಮುಂದ ಅಂದ್ರ ಮೊದ್ಲ? ನನಗ ಕನ್ನಡಾ ಕಲಸ್ತಿ, ಬೋಸುಡಿ?’

ಕಪಾಳಕ್ಕ ಬಿದ್ದ ಹೊಡ್ತಕ್ಕ ವೈನಿ ಕುರ್ಚಿ ಸಮೇತ ಉರುಳಿದ್ಲು. ಮೂಗಿನಿಂದ ರಕ್ತ ಬಂತು. ಬಿದ್ದಾಕಿನ್ನ ಮತ್ತ ಬೂಟಗಾಲಲೆ ಒದ್ದ. ಸುತ್ತ ಕುಂತ ಗೋರಾ ಮಂದಿ ಎದ್ದ ನಿಂತ್ರು. ನನ್ನ ತಲಿ ಕೆಟ್ಟ ಹೋತು. ಕೈಯಾಗಿನ ಛತ್ರಿ ತಿರುವಿ ಹಿಡಿಕಿಯಿಂದ ಅವನ ಕಿವಿ ಮ್ಯಾಲ ಜಡದೆ. ‘ನಿನ್ನ ಹೆಣಾ ಎತ್ಲಿ ದಾದಾ, ಇದೇನ ನಿನ್ನ ಪಡಸಾಲಿ ಅಂತ ತಿಳದಿಯೇನ?’ ಅಂತ ಚೀರಿದೆ. ಬಿಡಸಾಕ ಬಂದ ನಮ್ಮ ಮನ್ಯಾವ್ರ ಹೊಟ್ಟಿಗೆ ಒಂದ ಗುದ್ದ ಬಿತ್ತು. ಅಣ್ಣ ಬಾಯಿಗೆ ಬಂದಂಗ ಬೈದ. ‘ಹೋಗ್ರಿ, ಎಲ್ಲಾರೂ ಹೋಗ್ರಿ. ನಾ ಆರಕ್ಕ ಬರ್ತೇನಿ. ಆ ರಂಡಿ ರೂಮಿನ್ಯಾಗ ಇರ್ಲಿ, ಬಂದ ಚರ್ಮಾ ಸುಲೀತೇನಿ.’

ವೈನಿ ಎದ್ಲು. ಮೂಗಿಗೆ ಸೆರಗ ಒತ್ತಿ ಹಿಡದು, ಅಷ್ಟಾದ್ರೂ ಮತ್ತೊಮ್ಮೆ ಹೇಳಿದ್ಲು, ‘ನಾಕಕ್ಕ ಬರ್ರಿ, ಹಡಗ ಬಿಡ್ತೈತಿ.’ ಅವ ಆಕಿ ಕಡೆ ಗ್ಲಾಸ ಒಗದ. ಅದು ಗ್ವಾಡಿಗೆ ಬಡದ ಒಡೀತು.

ನಾವು ಮೂರೂ ಮಂದಿ ಹಡಗ ಹತ್ತಿದ್ವಿ. ವೈನಿ ಪಲಂಗದ ತುದಿ ಮ್ಯಾಲ ಕುಂತು ಬಾಗಲನ್ನ ನೋಡಾಕತ್ತಿದ್ಲು. ‘ಬಂದ್ರ ಕೊಂದಬಿಡ್ತಾರ, ಅಕ್ಕುತಾಯಿ’ ಅಂದ್ಲು. ಆಕಿ ಹೇಳಿದ್ದ ಬರೇ ಬಾಯಿಮಾತಲ್ಲ, ಖರೇನ ಕೊಲ್ಲತಿದ್ದ. ನಂಗ ನನ್ನ ಅಣ್ಣ ಗೊತ್ತಿದ್ದ.

ಅಷ್ಟರಾಗ ರತ್ನಾಗಿರಿ ಬಾಯಿ ಹಡಗದ ಒಬ್ಬ ಸಾಹೇಬನ್ನ ಕರಕೊಂಡ ಬಂದ್ಲು. ‘ನಿಮ್ಮ ಯಜಮಾನ್ರು ಬಂದಿಲ್ಲ. ಹಡಗ ಅವ್ರ ಸಲುವಾಗಿ ನಿಲ್ಲಂಗಿಲ್ಲ. ಅವ್ರ ಪಾಸ್‌ಪೋರ್ಟ್ ದಂಡಿ ಮ್ಯಾಲಿನ ಆಫೀಸಿನ್ಯಾಗ ಕೊಡ್ತೇವಿ, ವಿಮಾನಾ ಹಿಡದ ಊರಿಗೆ ಹೋಗ್ತಾರ. ಮಾವಶಿ, ನೀವು ಅವ್ರ ಜೋಡಿ ಇಳೀತೀರೋ ಇಲ್ಲಿ ಇರ್ತೀರೋ? ಈಗ ಹೇಳಬೇಕು.’

ಇಳೀತೇನಿ ಅಂತಾಳ ಅಂತನ ಅನಕೊಂಡಿದ್ದೆ, ಅಷ್ಟ ವರ್ಷದ ರೂಢಿ ಅದು. ವೈನಿ ಸೆರಗಿಗೆ ಹತ್ತಿದ ರಕ್ತ ನೋಡಿದ್ಲು. ಎದ್ದು ಬ್ಯಾಗಿನ್ಯಾಗ ಕೈ ಹಾಕಿ ಅವನ ಪಾಸ್‌ಪೋರ್ಟ್ ತಗದು ಆ ಸಾಹೇಬನ ಕೈಯಾಗ ಇಟ್ಲು.

‘ಇದನ್ನಷ್ಟ ಇಳಸ್ರಿ’ ಅಂದ್ಲು.

ಹೇಳಿದಂಗ ಆರಕ್ಕ, ಹಡಗ ದಂಡಿ ಬಿಟ್ಟ ಮ್ಯಾಲ ಅಣ್ಣ ಬಂದಿದ್ದರ ನಮಗ ಕಾಣತಿರ್ಲಿಲ್ಲ. ಅಂಜಿಕಿ ಬಂತೋ, ಬಿಯರ ತೀರಿತೋ, ಹಗ್ಗಾ ಬಿಚ್ಚುವಾಗನ ಓಡ್ಕೋತ ಬಂದ. ನಿಚ್ಚಣಿಕಿ ತಗದಿದ್ರು. ತಡದ ಪಾರೇದವನ ಗದ್ದಕ್ಕ ಗುದ್ದಿದ, ಇನ್ನೊಬ್ಬನ ತೊಡಿಸಂದಿಗೆ ಒದ್ದ. ನಾಕ ಮಂದಿ ಕೂಡಿ ಅವನ್ನ ಬೋರಲ ಕೆಡವಿ ಬೆನ್ನ ಮ್ಯಾಲ ಮೊಣಕಾಲ ಊರಿದ್ರು. ಸಿಮೆಂಟಿಗೆ ಮಾರಿ ತಿಕ್ಕಿಸ್ಕೋತ ‘ಸಕ್ಕೂ, ಇಳಿಯಲೇ, ನಿನ್ನ ಕಡೀತೇನಿ’ ಅಂತ ಒದರಾಕತ್ತಿದ್ದ. ಖರೇ ಹೇಳ್ತೇನಿ, ನಂಗ ಹೊಟ್ಟಿ ತುಂಬಾ ಖುಷಿ ಆತು. ವೈನಿ ಕಟಾಂಜನ ಹಿಡಕೊಂಡು ಅವ ಕಾಣೂತನಕ ನೋಡಿದ್ಲು. ಆಮ್ಯಾಲ ಹಸಿವ್ಯಾಗೇತಿ ಅಂದ್ಲು. ಆವತ್ತ ಪಲಂಗದ ಮ್ಯಾಲ ಅಡ್ಡ ಮಲಗಿ, ಕೈಕಾಲ ಚಾಚಿ, ಗೊರಕಿ ಹೊಡದ್ಲು.

ಸಿಂಗಾಪುರದಿಂದ ವಿಮಾನದಾಗ ಮುಂಬೈಗೆ ಇಳಿದು ಗಾಡಿ ಮಾಡಿ ಮೀರಜ ದಾಟಿ ಕಾಗವಾಡಕ್ಕ ಬಂದ್ವಿ. ಶಿರಗುಪ್ಪಿ ಅಲ್ಲೇ ಬಾಜೂಕ. ಡ್ರೈವರ್ ‘ಎತ್ತಾಗ್ರಿ?’ ಅಂದ. ವೈನಿ ‘ನೆಟ್ಟಗ ತೆಲಸಂಗಕ್ಕ ಬಿಡಪ್ಪಾ’ ಅಂದ್ಲು. ಅಲ್ಲಿ ಆಕಿ ತಮ್ಮ ಭೀಮಸಿ ಅದಾನ. ಅವ್ರಪ್ಪ ಆಕಿ ಹೆಸರಲೆ ಮಾಡಿದ ಎರಿ ಹೊಲಾ ಐತಿ. ವಿಶಾಲ ಫೋನ್ ಹಚ್ಚಿ, ‘ಅವ್ವಾ, ಅಪ್ಪ ಬಂದಾನ, ಸುಮ್ಕ ಬಂದಬಿಡು’ ಅಂದ. ವೈನಿ ಫೋನ್ ಇಟ್ಲು. ನಾನೂ ಅಥಣ್ಯಾಗ ಇಳೀಲಿಲ್ಲ, ಆಕಿ ಜೋಡಿನ ಹ್ವಾದೆ.

ಮೂರನೇ ದಿನಾ ಹೊಲದಾಗ ಜ್ವಾಳದ ತೆನಿ ಕೊಯ್ಯಾಕತ್ತಿದ್ವಿ, ಆಳ ಹೆಣಮಕ್ಳು, ವೈನಿ, ನಾನು. ಅಣ್ಣನ ಜೀಪ ಬಂತು. ಗದ್ದದ ಮ್ಯಾಲ ಸಿಮೆಂಟ ತರಚಿದ ಗಾಯಾ ಇನ್ನೂ ಹಸೀನ ಇತ್ತು. ಮಾತಿಲ್ಲ ಕತಿಯಿಲ್ಲ, ಬಂದಾಂವನ ವೈನಿ ತುರುಬಿಗೆ ಕೈ ಹಾಕಿ, ದಂಟಿನಾಗ ಹಾಸಿ ಎಳಕೊಂಡ ಹೊಂಟ. ಕೊಯ್ದ ದಂಟಿನ ಕೂಳಿ ಚುಚ್ಚಿ ಆಕಿ ಮೊಣಕೈ ಹರದ್ವು. ನಾ ಜಿಗಿದು ಅವನ ಹೆಗಲಿಗೆ ಹಲ್ಲ ಹಾಕಿದೆ. ಮೊಣಕೈಲೆ ಗುದ್ದಿದ, ನನ್ನ ತುಟಿ ಒಡೀತು, ಬಿದ್ದೆ.

ವೈನಿ ಕೈಯಾಗಿನ ಕುಡಗೋಲ ಬಿಟ್ಟಿರ್ಲಿಲ್ಲ. ತಿರುಗಿ ಮೊಣಕಾಲ ಮ್ಯಾಲ ಎದ್ದು ಅವನ ಎದಿ ಮುಂದ ಹಿಡದ್ಲು. ಅಣ್ಣ ನಕ್ಕ. ‘ಕಡೀತಿಯೇನ, ಕಡಿ’ ಅಂತ ಕಸಗೊಳ್ಳಾಕ ಬಲಗೈಲೆ ಅಲಗನ್ನ ಹಿಡದ. ಆಕಿ ಜಗ್ಗಿದ್ಲು. ಹಸ್ತ ಇಷ್ಟಗಲ ಸೀಳೀತು. ಹಿಟ್ಟ ಜರಡಿ ಹಿಡದಂಗ ಕೈ ಮುಂದ ಹಿಡಕೊಂಡು, ತನ್ನ ರಕ್ತ ತೆನಿ ಮ್ಯಾಲ ಸುರಿಯೂದನ್ನ ನೋಡ್ಕೋತ ನಿಂತ. ಆ ಕೈ, ಆ ಬಲಗೈ. ಅಷ್ಟರಾಗ ಆಳ ಹೆಣಮಕ್ಳು ಒಬ್ಬೊಬ್ಬರ ಕುಡಗೋಲ ಹಿಡಕೊಂಡ ಎದ್ದ ಬಂದು ವೈನಿ ಹಿಂದ ನಿಂತ್ರು.

ಅಣ್ಣ ಒಂದ ಹೆಜ್ಜಿ ಹಿಂದ ಸರದ. ಅವ ಹಿಂದ ಸರದಿದ್ದ ನಾ ಹುಟ್ಟಿದಾಗಿಂದ ನೋಡಿರ್ಲಿಲ್ಲ.

‘ಮನಿಗೆ ಯಾವಾಗ ಬರ್ತಿ?’ ಅಂದ. ಧ್ವನಿ ಸಣ್ಣಾಗಿತ್ತು.

ವೈನಿ ಬಿಚ್ಚಿದ ತುರುಬ ಕಟಗೊಂಡ್ಲು. ಕೈಯಾಗ ಪ್ರಾಜಕ್ತಾನ ಗಡಿಯಾರ ಇತ್ತು, ಇನ್ನೂ ಹಡಗದ ಟೈಮಿನ ಮ್ಯಾಲನ ನಡ್ಯಾಕತ್ತಿತ್ತು.

‘ಬರೂದು ಮುಂದ ಹಾಕೇನ್ರಿ’ ಅಂದ್ಲು. ‘ನಿಮ್ಮ ಕನ್ನಡದಾಗ.’

ಅಂದು, ಬಗ್ಗಿ ತೆನಿ ಕೊಯ್ಯಾಕ ಹತ್ತಿದ್ಲು.