ವಾಲ್ವಿನ ಹೊಟ್ಟೆ ನೋಡುತ್ತಿದ್ದ ಮಾವ

ನಮ್ಮ ಮಾವ ಶಿವಲಿಂಗಪ್ಪನವರು ವಾಲ್ವ್ ನೋಡುವಾಗ ಎಡಗಣ್ಣು ಮುಚ್ಚಿ ಉಸಿರು ಬಿಗಿಹಿಡಿಯುತ್ತಿದ್ದರು. ಹಳೆಯ ರೇಡಿಯೋದೊಳಗಿನ ಆ ಗಾಜಿನ ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬುಡದಿಂದೊಮ್ಮೆ, ತಲೆಯಿಂದೊಮ್ಮೆ, ಪಕ್ಕದಿಂದೊಮ್ಮೆ ತಿರುಗಿಸುತ್ತಿದ್ದರು. ಆ ಹೊತ್ತಿನಲ್ಲಿ ತಹಶೀಲ್ದಾರರೇ ಬಂದು ನಿಂತರೂ ಎಡಗೈ ಎತ್ತಿ ತಡೆಯುತ್ತಿದ್ದರು, ಅಷ್ಟೆ. ನೋಡಿ ಮುಗಿದ ಮೇಲೆ ಉಸಿರು ಬಿಟ್ಟು ಅದರ ಹೆಸರು ಹೇಳುತ್ತಿದ್ದರು. ಸುರಪುರದಿಂದ ಹೈದರಾಬಾದಿನವರೆಗೆ ಆ ಹೆಸರನ್ನು ಸುಳ್ಳು ಎಂದವರನ್ನು ನಾನು ಕಾಣೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ನನಗೇನು ಸಂಕೋಚ?

ಸುರಪುರದ ರಂಗಂಪೇಟೆಯಲ್ಲಿ ನಮ್ಮದು ರೇಡಿಯೋ, ಮೈಕ್ ಸೆಟ್ಟಿನ ಹಳೆಯ ಅಂಗಡಿ. ವಾಲ್ವಿನ ಕಾಲ ಮುಗಿದು ಎಲ್ಲರೂ ತಮ್ಮ ಹತ್ತಿರ ಇದ್ದದ್ದನ್ನು ಗುಜರಿಗೆ ಹಾಕಿದರು. ಮಾವ ಹಾಕಲಿಲ್ಲ. ಕೆಂಭಾವಿ ಸಂತೆಯ ಗುಜರಿಯಿಂದಲೂ ಹೆಕ್ಕಿ ತಂದು ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟರು. ಊರು ನಕ್ಕಿತು. ಈಗ ವಾಲ್ವ್ ಆಂಪ್ಲಿಫೈಯರಿನಲ್ಲೇ ಹಾಡು ಕೇಳಬೇಕೆಂಬ ಹುಚ್ಚು ಮತ್ತೆ ಹತ್ತಿದೆ, ದೂರದೂರದವರು ನಮ್ಮ ಕಟ್ಟೆ ಹತ್ತುತ್ತಾರೆ.

ಎಲ್ಲ ವಾಲ್ವುಗಳಲ್ಲಿ ಮಾವನಿಗೆ ಹೆಚ್ಚಿನ ಅಕ್ಕರೆ ರೆಕ್ಟಿಫೈಯರ್ ಮೇಲೆ. ಹಿಂದೆ ಮುಂದೆ ಓಡಾಡುವ ಮನೆಯ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸಿ ಉಳಿದ ವಾಲ್ವುಗಳಿಗೆ ಕೊಡುವುದು ಅದರ ಕೆಲಸ. "ಹಾಡೋ ವಾಲ್ವಿಗಿ ಎಲ್ಲಾರೂ ಶಾಬಾಸ್ ಅಂತಾರ. ಅದಕ್ಕ ಉಣ್ಣಾಕ ಹಾಕೋದು ಇದು, ಇದರ ಹೆಸರು ಯಾರಿಗೂ ಬ್ಯಾಡ" ಎನ್ನುತ್ತಿದ್ದರು. ಕೆಲಸ ಕಲಿತದ್ದು ಹೈದರಾಬಾದಿನ ಉಸ್ತಾದರೊಬ್ಬರ ಕೈಯಲ್ಲಿ. ಹಾಗಾಗಿ ವಾಲ್ವಿನ ನಂಬರು ಅವರ ಬಾಯಲ್ಲಿ ಉರ್ದುವಿನಲ್ಲೇ ಬರುತ್ತಿತ್ತು. ರೆಕ್ಟಿಫೈಯರುಗಳಲ್ಲೇ ಜಿ ಜೆಡ್ ಮೂವತ್ನಾಲ್ಕು ಅವರಿಗೆ 'ಚೌತೀಸ್', ಫೈವ್ ವೈ ತ್ರೀ 'ವೈ-ತೀನ್'.

ನಾನು ಗುರುಮಠಕಲ್ಲಿನಿಂದ ಈ ಮನೆಗೆ ಸೊಸೆಯಾಗಿ ಬಂದೆ. ಗಂಡ ಲೈನ್‌ಮನ್, ಹಗಲೆಲ್ಲ ಕಂಬದ ಮೇಲೆ. ಮೊದಲ ದಸರೆಯಲ್ಲಿ ಅತ್ತೆ, "ನೀಲಾ, ನಾಳಿ ಖಂಡೆ ಪೂಜಾ. ಅಂಗಡ್ಯಾಗಿನ ಸಾಮಾನೆಲ್ಲ ತೊಳದು ವಿಭೂತಿ ಹಚ್ಚು" ಎಂದರು. ಹೊಸ ಸೊಸೆ, ಸೈ ಅನ್ನಿಸಿಕೊಳ್ಳುವ ಉಮೇದು ಬೇರೆ. ಸೀಗೆಪುಡಿಯ ನೀರಿನಲ್ಲಿ ಅರಿವೆ ಅದ್ದಿ ಎಲ್ಲ ವಾಲ್ವುಗಳನ್ನೂ ಫಳಫಳ ಹೊಳೆಯುವಂತೆ ಉಜ್ಜಿದೆ. ಹಳೆಯ ಗಾಜಿನ ಮೇಲಿನ ಅಕ್ಷರ ಒದ್ದೆ ಬೆರಳು ತಾಗಿದರೂ ಅಳಿಯುತ್ತದೆ ಎಂದು ನನಗೆ ಹೇಳಿದವರಾರು? ಸಂಜೆ ಮಾವ ಬಂದು ನೋಡಿದಾಗ ಟ್ರಂಕಿನ ತುಂಬ ವಾಲ್ವುಗಳು. ಒಂದಕ್ಕೂ ಹೆಸರಿಲ್ಲ, ಎಲ್ಲದರ ಹಣೆಗೂ ಮೂರು ಬೆರಳಿನ ವಿಭೂತಿ!

ನಾನು ಬಾಗಿಲ ಹಿಂದೆ ಅಡಗಿ ನಿಂತಿದ್ದೆ. ಮಾವ ಒಂದು ವಾಲ್ವ್ ಎತ್ತಿ, ಕನ್ನಡಕಕ್ಕೆ ಉಸಿರು ಬಿಡುವಂತೆ 'ಹಾ' ಎಂದರು. ಮಂಜು ಕೂತ ಗಾಜಿನ ಮೇಲೆ ಅಳಿಸಿದ ಅಕ್ಷರ ತುಸುವೇ ಕಂಡು ಮಾಯವಾಯಿತು. ಉಳಿದವುಗಳಲ್ಲಿ ಹೆಚ್ಚಿನವು ಹಾಗೆ ಮಾಡಿದರೂ ಕಾಣಲಿಲ್ಲ.

"ಯವ್ವಾ, ಹೊರಗ ಬಾ" ಎಂದು ಕರೆದರು. "ಹೆಸರು ಅಳಿಸ್ದಿ. ಇನ್ನ ಇವಕ್ಕ ಹೆಸರು ಇಡೋದೂ ನೀನ. ಕುಂದ್ರು."

ನಮ್ಮ ಕಡೆ ಸೊಸೆ ಮಾವನ ಎದುರು ಕೂಡುವ ರೂಢಿಯಿಲ್ಲ. ನಾನು ಸೆರಗು ಹೊದ್ದು ನಿಂತೇ ಇದ್ದೆ. "ನಿಂತು ನೋಡಿದ್ರ ಹೊಟ್ಟ್ಯಾಗಿಂದು ಕಾಣ್ಸೂದಿಲ್ಲ, ಕುಂದ್ರು ಅಂದ್ನಲ್ಲ" ಎಂದು ಗದರಿ ತಮ್ಮ ಸ್ಟೂಲನ್ನೇ ನನ್ನ ಕಡೆ ತಳ್ಳಿದರು. ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಓಣಿಯವರಂತೂ, "ಸೊಸಿನ್ನ ಅಂಗಡ್ಯಾಗ ಕುಂದ್ರಿಸ್ಯಾನ, ಇನ್ನ ಅಂಗಡಿ ಮುಳುಗಿದಂಗ" ಎಂದು ಮಾತಾಡಿಕೊಂಡರು. ಮಾವನ ಕಿವಿಗೆ ಅದೆಲ್ಲ ಬೀಳಲೇ ಇಲ್ಲ.

ಆ ಚಳಿಗಾಲವೆಲ್ಲ ಮನೆಗೆಲಸ ಮುಗಿಸಿ ದಿನಾ ಮಧ್ಯಾಹ್ನ ಪಾಠ. ಒಳಗಿನ ತಗಡಿನ ಬಣ್ಣ ಕಪ್ಪೋ ಬೂದಿಯೋ, ತಲೆಯ ಹತ್ತಿರದ ಸಣ್ಣ ಬಳೆ ದುಂಡಗಿದೆಯೋ ಚೌಕವೋ, ಬುಡಕ್ಕೆ ಎಷ್ಟು ಕಾಲು, ಭುಜ ಇಳಿಜಾರೋ ನೆಟ್ಟಗೋ. ಎಲ್ಲಕ್ಕಿಂತ ಮುಖ್ಯವಾಗಿ ತಗಡಿನ ಸಂದಿಯಲ್ಲಿ ಇಣುಕಬೇಕು. ಅಲ್ಲಿ ತೆಳ್ಳನೆಯ ಬರೀ ತಂತಿ ಕಂಡರೆ ವೈ-ತೀನ್, ತಂತಿಯ ಮೇಲೆ ಬಿಳಿ ಕೊಳವೆಯ ಹೊದಿಕೆ ಕಂಡರೆ ಚೌತೀಸ್. "ಅಕ್ಷರ ಯಾರರೆ ಬರೀತಾರ. ಹೊಟ್ಟಿ ನೋಡು" ಎನ್ನುವುದು ಅವರ ಒಂದೇ ಮಂತ್ರ. ನೋಡಿದ್ದನ್ನು ಆಮೇಲೆ ಅವರೇ ಮಾಡಿದ ಕಟ್ಟಿಗೆಯ ಡಬ್ಬಿಗೆ ಚುಚ್ಚಿ ಮೀಟರಿನಲ್ಲಿ ತಾಳೆ ನೋಡುವುದು. ವೈ-ತೀನ್ ಆದರೆ ಮುಳ್ಳು ತಟ್ಟನೆ ಎದ್ದು ತನ್ನ ಮಟ್ಟಕ್ಕೆ ನಿಲ್ಲುತ್ತದೆ. ಚೌತೀಸ್ ಆದರೆ ಕಾದು ಕಾದು ಮೆಲ್ಲಗೆ ಏಳುತ್ತದೆ, ಎದ್ದರೆ ವೈ-ತೀನಿಗಿಂತ ಎತ್ತರಕ್ಕೆ ಹೋಗುತ್ತದೆ.

ಮೂರು ತಿಂಗಳಲ್ಲಿ ನನಗೆ ಸೊಕ್ಕು ಬಂತು. ಒಂದು ಭಾನುವಾರ ಮಾವ ಎಲ್ಲಿಗೋ ಹೋದಾಗ ಯಾದಗಿರಿಯ ವಯಸ್ಸಾದ ವಕೀಲರೊಬ್ಬರು ಬಂದು, ತಮ್ಮ ತಂದೆಯ ಕಾಲದ ಆಂಪ್ಲಿಫೈಯರಿಗೆ ಫೈವ್ ವೈ ತ್ರೀ ಕೇಳಿದರು. ಸಂಜೆ ಗೆಳೆಯರನ್ನು ಕರೆದು ಗ್ರಾಮಫೋನ್ ರೆಕಾರ್ಡು ಕೇಳಿಸುವವರಿದ್ದರು. ನಾನು ಟ್ರಂಕು ತೆರೆದು, ಮೇಲುಮೇಲೆ ನೋಡಿ, "ತಗೋರಿ" ಎಂದು ಕೊಟ್ಟು ಕಳಿಸಿದೆ. ಡಬ್ಬಿಗೆ ಹಾಕಿ ನೋಡಲಿಲ್ಲ.

ಮಾವ ಬಂದು ವಿಷಯ ಕೇಳಿದವರೇ ಟ್ರಂಕಿನ ಮುಂದೆ ಕೂತರು. ಎಣಿಸಿ ನೋಡಿದರೆ ವೈ-ತೀನ್ ಎಲ್ಲ ಇದ್ದಲ್ಲೇ ಇವೆ, ಚೌತೀಸ್ ಒಂದು ಇಲ್ಲ.

"ಸಂದ್ಯಾಗ ಇಣಿಕಿ ನೋಡ್ದೇನು?"

"ಇಲ್ರಿ ಮಾವಾರ್ರೀ. ಸೈಜು ಸರಿ ಇತ್ರಿ..."

ಅವರು ಕೂಡಲೇ ವಕೀಲರಿಗೆ ಫೋನ್ ಮಾಡಿದರು. ಆ ಹಳೆಯ ಸೆಟ್ಟಿಗೆ ಚೌತೀಸ್ ಹಾಕಿದರೆ ವೋಲ್ಟೇಜು ಏರಿ ಕೆಪಾಸಿಟರ್ ಸಿಡಿಯುತ್ತದೆ, ಟ್ರಾನ್ಸ್‌ಫಾರ್ಮರ್ ಸುಡಬಹುದು. ಅಂಥ ಟ್ರಾನ್ಸ್‌ಫಾರ್ಮರ್ ಮತ್ತೆ ಎಲ್ಲಿ ಸಿಗಬೇಕು? ಫೋನ್ ರಿಂಗಾಗುತ್ತಿತ್ತು, ವಕೀಲರು ಎತ್ತಲಿಲ್ಲ. ಸೆಟ್ ಸುಟ್ಟರೆ ಮಾವನ ಹೆಸರೂ ಹೋಯಿತು, ಆ ಸ್ಟೂಲಿನ ಮೇಲೆ ನಾನು ಇನ್ನೆಂದೂ ಕೂಡುವುದೂ ಹೋಯಿತು ಎಂದುಕೊಂಡೆ.

"ಡಬ್ಬಿ ತಗೋ, ನಡಿ" ಎಂದರು ಮಾವ. ಟ್ರಂಕಿನ ಕೆಲವು ವಾಲ್ವುಗಳನ್ನು ಚೀಲಕ್ಕೆ ಹಾಕಿಕೊಂಡರು. ಸಿಕ್ಕ ಬಸ್ಸು ಹತ್ತಿದೆವು. ಶಹಾಪುರದಲ್ಲಿ ಬಸ್ಸು ಬದಲಿಸಿ, ದೋರನಹಳ್ಳಿ ದಾಟಿ, ಭೀಮಾ ಸೇತುವೆ ಬರುವವರೆಗೂ ಅವರು ಕಿಟಕಿಯಾಚೆಯೇ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು.

ವಕೀಲರ ಪಡಸಾಲೆಯಲ್ಲಿ ಗೆಳೆಯರು ಬಂದು ಕೂತಾಗಿತ್ತು, ವಾಲ್ವ್ ಸೆಟ್ಟಿಗೆ ಏರಿಯಾಗಿತ್ತು, ವಕೀಲರ ಕೈ ಸ್ವಿಚ್ಚಿನ ಹತ್ತಿರ ಹೋಗಿತ್ತು. ಮಾವ ಹೊಸ್ತಿಲಲ್ಲೇ ನಿಂತು, "ವಕೀಲ್ರ, ಹಚ್ಚಬ್ಯಾಡ್ರಿ!" ಎಂದು ಕೂಗಿದರು. ವಿಷಯ ತಿಳಿದ ಮೇಲೆ ಒಬ್ಬ ಗೆಳೆಯರು ನನ್ನತ್ತ ನೋಡಿ, "ಹೆಣ್ಮಕ್ಕಳ ಕೈಯಾಗ ಅಂಗಡಿ ಕೊಟ್ರ ಹಿಂಗ ಆಗ್ತದ" ಎಂದು ನಕ್ಕರು.

"ತಪ್ಪು ಅಂಗಡಿದ್ರಿ. ಅಂಗಡಿ ನಂದು" ಎಂದರು ಮಾವ. ನಗಲಿಲ್ಲ. ಚೀಲದಿಂದ ಹೆಸರಿಲ್ಲದ ಐದು ವಾಲ್ವ್ ತೆಗೆದು ನನ್ನ ಮುಂದೆ ಇಟ್ಟರು. "ನೀಲವ್ವಾ, ಕುಂದ್ರು. ಇವ್ಯಾವು ಅಂತ ಹೇಳು. ಹೇಳಿ ಡಬ್ಬಿಗಿ ಹಾಕಿ ಇವ್ರಿಗೆ ತೋರ್ಸು."

ಅಷ್ಟು ಗಂಡಸರ ನಡುವೆ ಕೂತೆ. ಒಂದೊಂದನ್ನೇ ಬೆಳಕಿಗೆ ಹಿಡಿದು ಸಂದಿಯಲ್ಲಿ ಇಣುಕಿದೆ. ವೈ-ತೀನ್, ವೈ-ತೀನ್, ಚೌತೀಸ್, ವೈ-ತೀನ್, ಚೌತೀಸ್. ಡಬ್ಬಿಗೆ ಹಾಕಿದಾಗ ಮೂರಕ್ಕೆ ಮುಳ್ಳು ತಟ್ಟನೆ ಎದ್ದಿತು. ಎರಡಕ್ಕೆ ವಕೀಲರು ತಾವೇ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತ ಕಾದರು. ಐದಕ್ಕೆ ಐದೂ ಸರಿ! ನಕ್ಕಿದ್ದವರು ಚಹಾದ ಬಸಿಯಲ್ಲಿ ಮುಖ ಹುದುಗಿಸಿದರು. ಸರಿಯಾದ ವಾಲ್ವ್ ಹಾಕಿ ರೆಕಾರ್ಡು ಹಚ್ಚಿದಾಗ ಪಡಸಾಲೆ ತುಂಬಿ ಬಂದ ಆ ದನಿ ಕೇಳಿ ನಾನೇ ಹಾಡಿದಷ್ಟು ಬೀಗಿದೆ.

ಹೊರಡುವಾಗ ವಕೀಲರು, "ಇನ್ನ ಮ್ಯಾಲ ವಾಲ್ವ್ ಬೇಕಾದ್ರ ಯಾರನ್ನ ಕೇಳ್ಬೇಕ್ರಿ?" ಎಂದರು.

"ಸ್ಟೂಲಿನ ಮ್ಯಾಲ ಯಾರು ಕುಂತಿರ್ತಾರ, ಅವರನ್ನ ಕೇಳ್ರಿ" ಎಂದರು ಮಾವ. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನನಗೆ ಬಿಸಿ ಮಿರ್ಚಿ ಭಜಿ ಕೊಡಿಸಿದರು.

ಎಷ್ಟೋ ವರ್ಷಗಳ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣು ನುಂಗಿತು. ಹೊರಸಿನ ಮೇಲೆ ಮಲಗಿಯೇ ದಿನಾ, "ಇವತ್ತೇನು ಬಂದಾವು, ಕೈಯಾಗ ಕೊಡು" ಎನ್ನುತ್ತಿದ್ದರು. ಸವರಿ ಸವರಿ ಹೆಸರು ಹೇಳುತ್ತಿದ್ದರು, ಒಮ್ಮೆಯೂ ತಪ್ಪುತ್ತಿರಲಿಲ್ಲ. ಕೊನೆಯ ವಾರ ಒಂದು ಸಣ್ಣ ವಾಲ್ವ್ ಕೊಟ್ಟೆ. ಒಂಬತ್ತು ಕಾಲಿನದು. ಆ ಜಾತಿಯಲ್ಲಿ ಎಂಬತ್ತು, ಎಂಬತ್ತೊಂದು ಎಂದು ಎರಡಿವೆ. ಎಂಬತ್ತೊಂದು ತುಸು ಎತ್ತರ, ಹೊರುವ ಭಾರವೂ ಹೆಚ್ಚು.

"ಇಕ್ಯಾಸಿ. ಎಂಬತ್ತೊಂದು" ಎಂದರು.

ಅದು ಎಂಬತ್ತು. ನಾನು ಬೆಳಿಗ್ಗೆಯೇ ಅಳೆದು ನೋಡಿದ್ದೆ. ಹೌದು ಎಂದುಬಿಡಲೇ? ಹಾಸಿಗೆ ಹಿಡಿದ ಮುದುಕರು, ಇರುವುದು ಇದೊಂದೇ ಸುಖ. ಆದರೆ ವಾಲ್ವಿನ ಹೆಸರು ಸುಳ್ಳು ಹೇಳುವುದನ್ನು ಈ ಮನುಷ್ಯ ನನಗೆ ಕಲಿಸಿರಲಿಲ್ಲ.

"ಅಲ್ರಿ ಮಾವಾರ್ರೀ. ಅಸ್ಸಿ ಅದ. ಎಂಬತ್ತು."

ಅವರು ಮತ್ತೊಮ್ಮೆ ಸವರಿದರು. ತುದಿಯಿಂದ ಬುಡದವರೆಗೆ ಬೆರಳಲ್ಲಿ ಅಳೆದರು. ಆಮೇಲೆ ಮುಖವೆಲ್ಲ ಅರಳಿ, "ಏ ಇವಳೇ, ಕೇಳಿದೇನು?" ಎಂದು ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕೂಗಿದರು. "ನಾ ತಪ್ಪೀನಿ! ನನ್ನ ತಪ್ಪು ಹಿಡ್ಯಾವರು ಸುರಪುರದಾಗ ಒಬ್ಬರು ಹುಟ್ಯಾರ, ನಮ್ಮ ಮನ್ಯಾಗನ ಅದಾರ!"

ನಾಲ್ಕನೇ ದಿನ ಮಾವ ಹೋದರು. ನಾವು ಲಿಂಗವಂತರು, ನಮ್ಮಲ್ಲಿ ಸೂತಕವಿಲ್ಲ. ಮಣ್ಣು ಮಾಡಿ ಬಂದ ಮರುದಿನ ನಾನು ಅಂಗಡಿಯ ಬಾಗಿಲು ತೆರೆದು ಕೂತೆ. ಯಾರೋ ಕಲಬುರಗಿಯವರು, ಸುದ್ದಿ ತಿಳಿಯದವರು, ಅರಿವೆಯಲ್ಲಿ ಸುತ್ತಿದ ವಾಲ್ವ್ ಹಿಡಿದುಕೊಂಡು ಬಂದು, "ಶಿವಲಿಂಗಪ್ಪನೋರು ಇಲ್ಲೇನ್ರಿ? ಅವರೇ ನೋಡ್ಬೇಕಿತ್ತು" ಎಂದರು.

"ಅವರು ಇಲ್ರಿ" ಎಂದೆ. ದನಿ ಒಡೆಯಿತು, ಒಡೆಯಲಿ ಬಿಡು ಎಂದುಕೊಂಡೆ. ಕೈ ಮುಂದೆ ಚಾಚಿದೆ. "ಕೊಡ್ರಿ, ನಾ ನೋಡ್ತೀನಿ."