ಕೂಮ್ ಅತಾನಾಸನ ಕೂದಲು

ಸ್ತ್ರುಮಿತ್ಸಾ ಬಯಲಿನ ಯಾವ ಹಳ್ಳಿಯಲ್ಲಿ ಕಾರು ನಿಂತರೂ ಬಿಸೇರಾಳ ಕಿವಿಗೆ ಮೊದಲು ಬೀಳುತ್ತಿದ್ದ ಮಾತು ಒಂದೇ.

"ಅಯ್ಯೋ, ಎಷ್ಟು ಲಕ್ಷಣವಾಗಿದಾಳೆ! ಏನಮ್ಮಾ ಮಗಳ ಹೆಸರು?"

ಮಗಳಲ್ಲ, ಮಗ. ಯೋನಾನಿಗೆ ಮೂರು ತುಂಬಿತ್ತು. ಹುಟ್ಟುಗೂದಲು ಹೆಗಲು ದಾಟಿ ಬೆನ್ನಿಗೆ ಇಳಿದಿತ್ತು. ಊಟಕ್ಕೆ ಕೂತರೆ ತುದಿ ಹುರುಳಿಕಾಯಿ ಸಾರಿನಲ್ಲಿ ಅದ್ದುತ್ತಿತ್ತು, ಓಡಿದರೆ ಕಣ್ಣಿಗೆ ಬಿದ್ದು ಮುಗ್ಗರಿಸುತ್ತಿದ್ದ. ರಾತ್ರಿ ಅದು ಕತ್ತಿಗೆ ಸುತ್ತಿಕೊಂಡು ಉಸಿರು ಕಟ್ಟಿದರೆ ಎಂದು ಬಿಸೇರಾ ಎದ್ದೆದ್ದು ನೋಡುತ್ತಿದ್ದಳು. ಆದರೂ ಕತ್ತರಿ ಮುಟ್ಟುವ ಹಾಗಿರಲಿಲ್ಲ. ಆ ಸೀಮೆಯಲ್ಲಿ ಮಗುವಿನ ಮೊದಲ ಕೂದಲು ತೆಗೆಯುವ ಹಕ್ಕು ಕೂಮನದು, ಅಂದರೆ ಮನೆತನದ ಧರ್ಮತಂದೆಯದು. ಕೂಮನನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಅವನ ಅಜ್ಜ ನಿಮ್ಮ ಅಜ್ಜನಿಗೆ ಕೂಮ್, ಅವನ ಅಪ್ಪ ನಿಮ್ಮ ಅಪ್ಪನಿಗೆ. ಮೇಲೆ ದೇವರು, ನೆಲದ ಮೇಲೆ ಕೂಮ್ ಎನ್ನುತ್ತಾರೆ. ಮಗುವಿಗೆ ಹೆಸರಿಡುವವನೂ ಅವನೇ.

ಬಿಸೇರಾಳಿಗೆ ಮೊದಲು ಇದೆಲ್ಲ ಗೊತ್ತಿರಲಿಲ್ಲ. ಅವಳು ಸ್ಕೋಪ್ಯೆ ಪಟ್ಟಣದಲ್ಲಿ ಹುಟ್ಟಿ, ಅಲ್ಲೇ ಓದಿ ಬೆಳೆದವಳು. ಅವಳ ಅಜ್ಜಿಯ ಕಾಲದಿಂದಲೂ ಅವರದು ಪ್ರೊಟೆಸ್ಟೆಂಟ್ ಮನೆ. ದೀಪವಿಲ್ಲ, ಧೂಪವಿಲ್ಲ, ಒಂದು ಬೈಬಲು, ಒಂದು ಹಾಡಿನ ಪುಸ್ತಕ, ಮುಗಿಯಿತು. ಗಂಡ ಬ್ಲಾಗೊಯ್ ಈ ಬಯಲಿನವನೇ, ದೀಪ ಧೂಪದ ಹಳೆಯ ಚರ್ಚಿನ ಮನೆಯವನು. ಪಟ್ಟಣಕ್ಕೆ ಬಸ್ ರಿಪೇರಿ ಕಲಿಯಲು ಬಂದವನು ಪ್ರಾರ್ಥನಾ ಮನೆಯ ಹಾಡು ಕೇಳಿ ಒಳಗೆ ಹೊಕ್ಕ, ಹೊರಗೆ ಬರುವಾಗ ಬೋಧಕನಾಗಿದ್ದ. ಮದುವೆಯಾದ ಮೇಲೆ, ತನ್ನ ಜನಕ್ಕೇ ಸುವಾರ್ತೆ ಸಾರುತ್ತೇನೆಂದು ಹೆಂಡತಿಯನ್ನೂ ಹಳೆಯ ಫಿಚೊ ಕಾರನ್ನೂ ಕಟ್ಟಿಕೊಂಡು ಊರಿಗೆ ಮರಳಿದ. ಭಾನುವಾರ ಬಂತೆಂದರೆ ಬೆಳಗ್ಗೆ ಒಂದು ಹಳ್ಳಿ, ಮಧ್ಯಾಹ್ನ ಇನ್ನೊಂದು, ಸಂಜೆಗೆ ಗುಡ್ಡದ ಮೇಲಿನ ಊರು. ಹಿಂದಿನ ಸೀಟಿನಲ್ಲಿ ಬಿಸೇರಾ, ಮಡಿಲಲ್ಲಿ ಮಗು, ಕಾಲಬುಡದಲ್ಲಿ ಅವಳ ಚೀಲ. ಆ ಚೀಲದಲ್ಲಿ ಜ್ವರದ ಕಡ್ಡಿ, ಸಕ್ಕರೆ ಗಡ್ಡೆ, ಎರಡು ಉಣ್ಣೆ ಟೋಪಿ, ಒದ್ದೆಯಾದರೆಂದು ಕಾಲುಚೀಲ, ವಾಂತಿಯಾದರೆಂದು ಟವಲು. ಸೆಕೆಯಲ್ಲಿ ಬೆಂದರೂ ಕಾರಿನ ಕಿಟಕಿ ಒಂದು ಬೆರಳಿನಷ್ಟೂ ತೆರೆಯಲು ಬಿಡುತ್ತಿರಲಿಲ್ಲ. ಅಡ್ಡಗಾಳಿ! ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹಾಯುವ ಗಾಳಿ ತಗುಲಿದರೆ ಕತ್ತು ಹಿಡಿಯುತ್ತದೆ, ಕಿವಿ ಸೋರುತ್ತದೆ, ಎದೆಗೆ ಕಫ ಇಳಿಯುತ್ತದೆ. ಇಷ್ಟರ ಮಟ್ಟಿಗೆ ಪಟ್ಟಣದ ಸೊಸೆಗೂ ಹಳ್ಳಿಯ ಅತ್ತೆಗೂ ಒಮ್ಮತವಿತ್ತು.

ತಪ್ಪು ನಡೆದದ್ದು ಯೋನಾನ ದೀಕ್ಷಾಸ್ನಾನದ ದಿನ. ಹೊಸ ಹುರುಪಿನಲ್ಲಿದ್ದ ಬ್ಲಾಗೊಯ್ ಸಭೆಯ ಹಿರಿಯರೊಬ್ಬರನ್ನು ಸಾಕ್ಷಿಗೆ ನಿಲ್ಲಿಸಿ, ಹೆಸರನ್ನು ತಾನೇ ಇಟ್ಟು, ಕೂಮ್ ಅತಾನಾಸನಿಗೆ ಕರೆಯನ್ನೂ ಕಳಿಸದೆ ಕೆಲಸ ಮುಗಿಸಿಬಿಟ್ಟ. ಆವತ್ತಿನಿಂದ ಅತಾನಾಸ ಅವರ ಮನೆಯ ಕಡೆ ತಲೆ ಹಾಕಿ ಮಲಗಲಿಲ್ಲ. ಹಾದಿಯಲ್ಲಿ ಎದುರಾದರೆ ಕತ್ತೆಯ ಜೊತೆ ಮಾತಾಡುತ್ತ ಹೋಗುತ್ತಿದ್ದ.

"ಕೂಮನ್ನ ಬಿಟ್ಟು ನೀರು ಹಾಕಿಸಿದ್ರಲ್ಲ," ಎಂದು ಅತ್ತೆ ಸ್ತೋಯ್ನಾ ಮೆಣಸಿನಕಾಯಿ ಪೋಣಿಸುತ್ತ ಹೇಳುತ್ತಿದ್ದಳು, "ಮನೆ ಕಟ್ಟಿ ಮಾಡು ಹೊದಿಸೋದು ಮರೆತ ಹಾಗಾಯ್ತು."

"ಅವರನ್ನ ಕರೆದ್ರೆ ಹಳೇ ಚರ್ಚಿನ ಪಾದ್ರೀನೂ ಕರ್ಕೊಂಡು ಬರ್ತಿದ್ರಮ್ಮಾ," ಎಂದ ಬ್ಲಾಗೊಯ್.

"ಬರಲಿ. ಅವನು ಒಂದು ಮೂಲೇಲಿ ಗೊಣಗ್ತಿದ್ದ, ನೀನು ಇನ್ನೊಂದು ಮೂಲೇಲಿ ಗೊಣಗ್ತಿದ್ದೆ. ಮಗೂಗೇನು ಗೊತ್ತಾಗತ್ತೆ?"

ಒಮ್ಮೆ ಮಿಷನ್ನಿನ ಮೇಲ್ವಿಚಾರಕರು ಸ್ಕೋಪ್ಯೆಯಿಂದ ಬಂದರು. ಮಗುವಿನ ಜಡೆ ನೋಡಿ ಅವರ ಹುಬ್ಬು ಗಂಟಾಯಿತು. "ಏನು ಬ್ಲಾಗೊಯ್, ಮೂಢನಂಬಿಕೆ ಬಿಡಿ ಅಂತ ಊರೂರಿಗೆ ಹೇಳ್ತೀರಿ. ನಿಮ್ಮ ಮನೇಲೇ ಹೀಗಾದ್ರೆ?"

ಅವರು ಹೋದ ಮೇಲೆ ಬ್ಲಾಗೊಯ್ ಹೊಲಿಗೆ ಪೆಟ್ಟಿಗೆಯಿಂದ ಕತ್ತರಿ ತೆಗೆದ. ಬಿಸೇರಾ ಅದನ್ನು ಕಿತ್ತುಕೊಂಡು ತನ್ನ ಬೆನ್ನ ಹಿಂದೆ ಅಡಗಿಸಿದಳು.

"ಮುಟ್ಟಬೇಡ."

"ಬಿಸೇರಾ, ಕೂದಲು ಕಣೇ, ಬರೀ ಕೂದಲು. ನೀನೇ ತಾನೆ ದಿನಾ ಅಳೋದು, ಕಣ್ಣಿಗೆ ಬೀಳತ್ತೆ, ಕತ್ತಿಗೆ ಸುತ್ತತ್ತೆ ಅಂತ?"

"ಅಳ್ತೀನಿ. ಅದು ನನ್ನ ಪಾಡು. ಒಂದು ಸಲ ಆ ಮುದುಕನ್ನ ಕರೀದೆ ಅವಮಾನ ಮಾಡಿದೆ. ಇದನ್ನೂ ನೀನೇ ಕತ್ತರಿಸಿದ್ರೆ ಎರಡನೇ ಸಲ. ನಾವು ಬಿಟ್ಟಿದ್ದು ಅವರ ಚರ್ಚನ್ನ, ಅವರನ್ನಲ್ಲ. ನಾಳೆ ಈ ಮಗು ಈ ಊರಲ್ಲಿ ಯಾರ ಮನೆ ಬಾಗಿಲು ತಟ್ಟಬೇಕು? ನಿನ್ನ ಮೇಲ್ವಿಚಾರಕರ ಮನೇದಾ?"

ಮಾತಿನಲ್ಲಿ ಸೋತಾಗಲೆಲ್ಲ ಬ್ಲಾಗೊಯ್ ಕಾರಿನ ಬಾನೆಟ್ ಎತ್ತಿ ಎಂಜಿನ್ ನೋಡಲು ಹೋಗುತ್ತಿದ್ದ. ಈಗಲೂ ಹೋದ.

ಚೆರ್ರಿ ಹೂ ಬಿಟ್ಟ ವಾರ ಅವಳೇ ಮಗುವನ್ನು ಎತ್ತಿಕೊಂಡು ಪಕ್ಕದ ಊರಿನ ಅತಾನಾಸನ ಮನೆಗೆ ನಡೆದಳು. ನಾಯಿ ಕಚ್ಚಿದರೆ? ಮುದುಕ ಬೈದರೆ? ಬೈಗುಳ ಕೇಳಿ ಮಗು ಬೆಚ್ಚಿ ಜ್ವರ ಹಿಡಿದರೆ? ಅತಾನಾಸ ಜಗಲಿಯಲ್ಲಿ ಕೂತು ತಂಬಾಕಿನ ಸಸಿ ಬೇರ್ಪಡಿಸುತ್ತಿದ್ದ. ತಲೆ ಎತ್ತಲಿಲ್ಲ. ಅವನ ಹೆಂಡತಿ ಲೆಂಕಾ ಮಾತ್ರ ಒಳಗಿನಿಂದ ತಟ್ಟೆಯಲ್ಲಿ ಅತ್ತಿಹಣ್ಣಿನ ಪಾಕ, ಒಂದು ಚಮಚ, ಒಂದು ಲೋಟ ನೀರು ತಂದಳು.

"ಯಾರಿಗೆ ಅದು?" ಎಂದ ಅತಾನಾಸ.

"ಬಂದವರಿಗೆ."

"ಯಾರೂ ಬಂದಿಲ್ಲ."

"ನಿನ್ನ ಕಣ್ಣಿಗೆ ಪೊರೆ ಬಂದಿದೆ, ಅಷ್ಟೇ," ಎಂದು ಲೆಂಕಾ ತಟ್ಟೆಯನ್ನು ಬಿಸೇರಾಳ ಮುಂದೆ ಇಟ್ಟು ಒಳಗೆ ಹೋದಳು.

ಬಿಸೇರಾ ಪಾಕ ಬಾಯಿಗಿಟ್ಟುಕೊಂಡು ನೀರು ಕುಡಿದಳು. "ಕೂಮ್, ನಿಮ್ಮನ್ನ ಕರೀದೆ ಇದ್ದದ್ದು ನಮ್ಮ ತಪ್ಪು. ಹೇಳೋಕೆ ಬಂದಿದೀನಿ. ಕತ್ತರಿ ನಿಮ್ಮದು. ಬನ್ನಿ, ಕೂದಲು ತೆಗೀರಿ."

"ಮೊದಲು ಪಾದ್ರಿ, ಆಮೇಲೆ ಕತ್ತರಿ," ಎಂದ ಅತಾನಾಸ, ಸಸಿಗಳಿಗೆ. "ಚರ್ಚಿಗೆ ತಂದು ಸರಿಯಾಗಿ ನೀರು ಹಾಕಿಸಲಿ."

"ಅವನಿಗೆ ನೀರು ಹಾಕಿ ಆಗಿದೆ. ಎರಡೆರಡು ಸಲ ನೆನೆಸಿದ್ರೆ ಮಗೂಗೆ ಶೀತ ಆಗತ್ತೆ."

ಒಳಗಿನಿಂದ ಲೆಂಕಾ ನಕ್ಕ ಸದ್ದು ಬಂತು. ಅತಾನಾಸನ ಮೀಸೆ ಅದುರಿತು, ನಗುವಿನಿಂದಲ್ಲ.

"ಪಟ್ಟಣದ ನಾಲಿಗೆ! ಹೋಗಮ್ಮಾ. ನೀವೇ ಕತ್ತರಿಸ್ಕೊಳ್ಳಿ. ಎಲ್ಲಾ ನೀವೇ ಮಾಡ್ಕೊಂಡಿದೀರಲ್ಲ, ಇದೂ ಮಾಡ್ಕೊಳ್ಳಿ."

ಬಿಸೇರಾ ಎದ್ದು ನಿಂತಳು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು.

"ಇಲ್ಲ ಕೂಮ್. ಈ ಕೂದಲು ನಮ್ಮದಲ್ಲ, ನಿಮ್ಮದು. ನೀವು ತೆಗೆಯೋವರೆಗೂ ಬೆಳೀಲಿ. ಮೊಣಕಾಲಿಗೆ ಬರಲಿ, ನೆಲ ಗುಡಿಸಲಿ. ಯಾರು ಕೇಳಿದ್ರೂ ಇದು ಕೂಮ್ ಅತಾನಾಸನ ಕೂದಲು ಅಂತ ಹೇಳ್ತೀನಿ. ನಿಜಾನೇ ತಾನೆ?"

ಹೇಳಿದ್ದನ್ನು ಮಾಡಿದಳು. ಮುಂದಿನ ಭಾನುವಾರದಿಂದ "ಮಗಳ ಹೆಸರೇನಮ್ಮಾ?" ಎಂದು ಯಾರಾದರೂ ಕೇಳಿದರೆ ಮೊದಲಿನ ಹಾಗೆ ನಾಚುವುದನ್ನು ಬಿಟ್ಟಳು. "ಹುಡುಗ ನಮ್ಮವನು, ಹೆಸರು ಯೋನಾ. ಕೂದಲು ಕೂಮ್ ಅತಾನಾಸನದು. ಬಂದು ತಗೊಂಡು ಹೋಗ್ತಿಲ್ಲ." ಬಾವಿಕಟ್ಟೆಯಲ್ಲಿ ಹೇಳಿದಳು, ಬೇಕರಿಯ ಸಾಲಿನಲ್ಲಿ ಹೇಳಿದಳು, ಸಭೆ ಮುಗಿಸಿ ಕೈಕುಲುಕುವ ಮುದುಕಿಯರಿಗೆಲ್ಲ ಹೇಳಿದಳು. ಗಂಡನ ಉಪದೇಶಕ್ಕಿಂತ ಹೆಂಡತಿಯ ಈ ಒಂದು ಮಾತು ಬಯಲಿನಲ್ಲಿ ಬೇಗ ಹಬ್ಬಿತು. ಬೇಸಿಗೆ ಮುಗಿಯುವ ಹೊತ್ತಿಗೆ ಸಂತೆಯಲ್ಲಿ ಅತಾನಾಸನಿಗೆ ತಲೆ ಎತ್ತಿ ತಿರುಗುವುದು ಕಷ್ಟವಾಯಿತು.

"ಅತಾನಾಸ್, ನಿನ್ನ ಕೂದಲು ಬೆಳಗ್ಗೆ ಕಾರಲ್ಲಿ ಹೋಯ್ತಪ್ಪ. ಗುಂಗುರು ಬಿಟ್ಟಿದೆ."

"ರಿಬ್ಬನ್ನು ಕೊಡ್ಲಾ? ಕೆಂಪು ಇದೆ, ನೀಲಿ ಇದೆ."

"ನಿಂದು ನೆತ್ತಿ ಬೋಳು, ಅದಕ್ಕೇ ಬೇರೆ ಕಡೆ ಬೆಳೆಸ್ತಿದೀಯಾ?"

ಸ್ತೋಯ್ನಾ ಸೊಸೆಯನ್ನು ಬೈದಳು. "ಕೂಮನ ಶಾಪ ತಟ್ಟತ್ತೆ ಕಣೇ! ಮಗೂ ಇರೋ ಮನೆ!"

ಶಾಪ ಎಂದಾಗ ಬಿಸೇರಾ ಮಗುವನ್ನು ಹತ್ತಿರ ಎಳೆದುಕೊಂಡಳು. ಅಂಥದ್ದನ್ನೆಲ್ಲ ನಂಬಬಾರದೆಂದು ಚಿಕ್ಕಂದಿನಿಂದ ಕಲಿತಿದ್ದಳು. ಕಲಿತದ್ದು ಹಗಲಿಗೆ ಸಾಕಾಗುತ್ತಿತ್ತು. ರಾತ್ರಿ ಮಗುವಿಗೆ ಒಂದು ಕೆಮ್ಮು ಬಂದರೂ ಶಾಪವೇ ಇರಬಹುದೇ ಎಂದು ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆದರೂ ಮರುದಿನ ಬೇಕರಿಯ ಸಾಲಿನಲ್ಲಿ ನಿಂತು ಅದೇ ಮಾತು ಹೇಳುತ್ತಿದ್ದಳು, ಮೊದಲಿಗಿಂತ ಗಟ್ಟಿಯಾಗಿ.

ಮೆಣಸಿನಕಾಯಿ ಸುಡುವ ಕಾಲ ಬಂತು. ಪ್ರತಿ ಅಂಗಳದಲ್ಲೂ ತಗಡಿನ ಒಲೆ, ಕೆಂಪು ಮೆಣಸಿನ ರಾಶಿ, ಬಯಲಿನ ಮೇಲೆಲ್ಲ ಸಿಹಿ ಸುಟ್ಟ ವಾಸನೆ. ಅಂಥ ಒಂದು ಭಾನುವಾರ ಸಂಜೆಯ ಸಭೆಗೆ ಅವರು ಗುಡ್ಡ ಹತ್ತುತ್ತಿದ್ದಾಗ, ಅತಾನಾಸನ ಊರಿನ ಕೊನೆಯ ತಿರುವಿನಲ್ಲಿ ಬ್ಲಾಗೊಯ್ ಬ್ರೇಕ್ ಒತ್ತಿದ. ದಾರಿಗೆ ಅಡ್ಡಲಾಗಿ ಒಂದು ಟಿಲ್ಲರು ನಿಂತಿತ್ತು. ಹಿಂದಿನ ಗಾಡಿಯಲ್ಲಿ ಎಲೆಕೋಸು. ಮುಂದೆ ಅತಾನಾಸ, ಭಾನುವಾರದ ಕರಿಕೋಟು ತೊಟ್ಟು, ಕೈಕಟ್ಟಿಕೊಂಡು.

"ಇಳೀರಿ," ಎಂದ. "ನನ್ನ ಕೂದಲು ಇಲ್ಲಿ ಹಾದು ಹೋಗತ್ತೆ ಅಂತ ಕೇಳಿದೆ."

ಮೂವರೂ ಇಳಿದರು. ಹಿಪ್ಪುನೇರಳೆ ಮರದ ಕೆಳಗೆ ಲೆಂಕಾ ಒಂದು ಮೋಟು ಕುರ್ಚಿ ಇಟ್ಟು, ಪಕ್ಕದಲ್ಲಿ ಕಸೂತಿಯ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕತ್ತರಿ ಇಟ್ಟಿದ್ದಳು. ಹೊಸ ಅಂಗಿಯೂ ಇತ್ತು, ಕೂಮನು ಕೊಡಬೇಕಾದ ಅಂಗಿ. ಮಡಿಕೆ ಹಳದಿಗಟ್ಟಿತ್ತು. ಮಗು ಹುಟ್ಟಿದ ವರ್ಷವೇ ಹೊಲಿದು ಇಟ್ಟದ್ದಿರಬೇಕು, ಈಗ ಅದು ಯೋನಾನ ಮೊಣಕೈಗೂ ಸಾಲದು. ಬಿಸೇರಾ ಆ ಅಂಗಿಯ ಮಡಿಕೆಯನ್ನು ಬೆರಳಿನಿಂದ ಸವರಿದಳು. ಮಗನನ್ನು ಕುರ್ಚಿಯ ಮೇಲೆ ಕೂರಿಸಿದಳು.

ಅತಾನಾಸ ಕತ್ತರಿ ಎತ್ತಿದವನು ನಿಲ್ಲಿಸಿದ. "ಮೊದಲು ಮಗೂ ಕೈಯಲ್ಲಿ ಶಿಲುಬೆ ಗುರುತು ಹಾಕಿಸು. ನಮ್ಮ ರೀತೀಲಿ. ಒಂದೇ ಸಲ."

"ಆಗಲ್ಲ ಕೂಮ್."

"ಕೈ ಎತ್ತಿ ಇಳಿಸೋದು. ಅದರಲ್ಲೇನು ಕಷ್ಟ?"

"ಕಷ್ಟ ಇಲ್ಲ ಅಂದ್ರೆ ಯಾಕೆ ಕೇಳ್ತೀರಿ? ಕತ್ತರಿ ನಿಮ್ಮ ಹಕ್ಕು, ಕೊಟ್ಟಿದೀನಿ. ಮಗೂ ಕೈ ನಿಮ್ಮ ಹಕ್ಕಲ್ಲ."

"ಹಾಗಾದ್ರೆ ದಾರೀನೂ ಬಿಡಲ್ಲ."

"ಬಿಸೇರಾ," ಎಂದು ಬ್ಲಾಗೊಯ್ ಪಿಸುಗುಟ್ಟಿದ, "ಮೇಲೆ ಜನ ಕಾಯ್ತಿದಾರೆ. ವಾಪಸ್ ಹೋಗಿ ಸುತ್ತಿಬರೋಣ."

"ಎಲ್ಲಿಗೂ ಹೋಗಲ್ಲ." ಅವಳು ಸುತ್ತ ನೋಡಿದಳು. ಬೇಲಿಯ ಹಿಂದಿನಿಂದ, ಮೆಣಸಿನ ಒಲೆಗಳಿಂದ ಹೆಂಗಸರು ಎದ್ದು ಬರುತ್ತಿದ್ದರು, ಕೈಯೆಲ್ಲ ಮಸಿ. "ಜನ ಇಲ್ಲೂ ಇದಾರೆ. ಸಭೆ ಇಲ್ಲೇ ಮಾಡೋಣ. ಪುಸ್ತಕ ತೆಗಿ."

ಮೂರು ವರ್ಷ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಮಗು ಎಲ್ಲಿ ಎಚ್ಚರವಾಗುತ್ತದೋ ಎಂದು ತುಟಿಯಲ್ಲೇ ಹಾಡುತ್ತಿದ್ದವಳು ನಡುರಸ್ತೆಯಲ್ಲಿ ನಿಂತು ಬಾಯಿ ತೆರೆದಳು. ಶ್ರುತಿ ತಪ್ಪಿತ್ತು. ಎತ್ತರದ ಸ್ವರದಲ್ಲಿ ಧ್ವನಿ ಒಡೆದು ಬಾಗಿಲಿನ ಕೀಲಿನ ಹಾಗೆ ಕಿರುಗುಟ್ಟಿತು. ಕತ್ತೆಯೊಂದು ಉತ್ತರ ಕೊಟ್ಟಿತು. ಹೆಂಗಸರು ನಕ್ಕರು. ಅವಳು ನಿಲ್ಲಿಸಲಿಲ್ಲ. ಮೊದಲ ಚರಣ ಮುಗಿಸಿ ಎರಡನೆಯದಕ್ಕೆ ಹೋದಳು. ಬ್ಲಾಗೊಯ್ ಸೇರಿಕೊಂಡ. ಅಮ್ಮ ಹಾಡುತ್ತಿದ್ದಾಳೆಂದು ಯೋನಾ ಕುರ್ಚಿಯ ಮೇಲಿಂದ ಕಿರುಚತೊಡಗಿದ.

"ಎಷ್ಟು ಚರಣ ಇದೆ ಇದರಲ್ಲಿ?" ಎಂದು ಅತಾನಾಸ ಬ್ಲಾಗೊಯ್‌ನನ್ನು ಕೇಳಿದ. ಮೂರು ವರ್ಷದಲ್ಲಿ ಅವನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

"ಏಳು, ಕೂಮ್. ಆಮೇಲೆ ಉಪದೇಶ."

"ನಿಂದಾ?"

"ನಂದೇ."

"ಅಯ್ಯೋ ದೇವರೇ," ಎಂದು ಅತಾನಾಸ ತಾನೇ ಶಿಲುಬೆ ಗುರುತು ಹಾಕಿಕೊಂಡ. ಆಮೇಲೆ ಮಗುವಿನ ತಲೆಯ ಮೇಲೂ ಗಾಳಿಯಲ್ಲಿ ಒಂದು ಎಳೆದ. "ಇದು ನನ್ನ ಕೈ. ಇದಕ್ಕೂ ಬೇಡ ಅಂತೀಯೇನು?"

ಬಿಸೇರಾ ಹಾಡು ನಿಲ್ಲಿಸದೆಯೇ ತಲೆಯಾಡಿಸಿದಳು. ನಿಮ್ಮ ಕೈ, ನಿಮ್ಮಿಷ್ಟ.

ಕತ್ತರಿ ಕಚಕ್ ಎಂದಿತು. ಮೊದಲ ಗೊಂಚಲು ಲೆಂಕಾಳ ಬಿಳಿ ಬಟ್ಟೆಗೆ ಬಿತ್ತು. ಆಗ ಹಾಡು ತಾನಾಗಿ ನಿಂತಿತು. ಅತಾನಾಸನಿಗೆ ಕುರಿಯ ಉಣ್ಣೆ ಕತ್ತರಿಸಿ ಅಭ್ಯಾಸ. ಮುಗಿಯುವ ಹೊತ್ತಿಗೆ ಯೋನಾನ ತಲೆ ಮೆಟ್ಟಿಲು ಮೆಟ್ಟಿಲಾಗಿತ್ತು, ಕಿವಿಗಳೆರಡೂ ಹೊರಗೆ ಬಂದು ಅಗಲವಾಗಿ ನಿಂತಿದ್ದವು.

"ನೋಡು ಲೆಂಕಾ," ಎಂದ ಮುದುಕ, ಧ್ವನಿ ಒಂದಿಷ್ಟು ಮೆತ್ತಗಾಗಿ, "ಇವನ ಮುತ್ತಾತನ ಕಿವಿ. ಅವನವೂ ಹೀಗೇ ಇದ್ವು, ಜಗ್ಗೋಕೆ ಹೇಳಿ ಮಾಡಿಸಿದ ಹಾಗೆ."

ಬಿಸೇರಾಳ ಕಣ್ಣು ಹೋದದ್ದು ಮಗನ ಕತ್ತಿಗೆ. ಬೆಳ್ಳಗೆ, ಬರಿದಾಗಿ, ಗಾಳಿಗೆ ತೆರೆದು. ಓಡಿ ಚೀಲದಿಂದ ಟೋಪಿ ತಂದು ಕಿವಿ ಮುಚ್ಚುವಂತೆ ಎಳೆದಳು. ಕಾರು ಹತ್ತಿದಾಗ ಬ್ಲಾಗೊಯ್ ಬೆವರು ಒರೆಸಿಕೊಳ್ಳುತ್ತ ಕಿಟಕಿ ಇಳಿಸಿದ.

"ಮುಚ್ಚು!" ಎಂದು ಒಳಗಿನಿಂದ ಅವಳೂ ಹೊರಗಿನಿಂದ ಅತಾನಾಸನೂ ಕೂಗಿದರು. "ಈಗ ತಾನೇ ಕೂದಲು ತೆಗೆದಿದೆ, ಅಡ್ಡಗಾಳಿ!" ಎಂದು ಮುದುಕ ಸೇರಿಸಿದ. ಆಮೇಲೆ ಟಿಲ್ಲರನ್ನು ಹಿಂದಕ್ಕೆ ಸರಿಸಿ, ಮತ್ತೆ ಕಾರಿನ ಹತ್ತಿರ ಬಂದು ಗಾಜಿಗೆ ಬೆರಳಿನಿಂದ ಬಡಿದ.

"ಹೆಸರು ನಾನಿನ್ನೂ ಇಟ್ಟಿಲ್ಲ. ತ್ರಾಯ್ಕೊ. ನನ್ನ ಅಪ್ಪನ ಹೆಸರು. ಬಾಳಿ ಬದುಕಲಿ ಅಂತ ಇಡೋ ಹೆಸರು."

"ಅವನ ಹೆಸರು ಯೋನಾ," ಎಂದಳು ಬಿಸೇರಾ, ಗಾಜಿನ ಒಳಗಿನಿಂದ.

"ಹೋಗಿ ಬಾ, ತ್ರಾಯ್ಕೊ!"

"ಕೂಮ್‌ಗೆ ಕೈ ಬೀಸು, ಯೋನಾ."

ಮಗು ಎರಡೂ ಕೈ ಬೀಸಿತು. ಗುಡ್ಡದ ತಿರುವು ಮುಗಿಯುವವರೆಗೂ ಹಿಂದಿನಿಂದ ಮುದುಕನ ಧ್ವನಿ ಕೇಳುತ್ತಲೇ ಇತ್ತು: ತ್ರಾಯ್ಕೊ, ತ್ರಾಯ್ಕೊ! ಬಿಸೇರಾ ತಿರುಗಿ ನೋಡಲಿಲ್ಲ. ಮಗನ ಟೋಪಿ ಸರಿಪಡಿಸಿ, ಪ್ರತಿ ಕೂಗಿಗೂ ಒಂದೊಂದು ಸಲ, ಅವನ ಕಿವಿಯ ಹತ್ತಿರ ಬಾಗಿ, ಯೋನಾ ಎಂದಳು.